ಮೆತ್ತಗೆ ಎಳೆಯುವ ಮನೆತನ

ಮಿಸ್ತ್ರಿಯ ಬಳಿ ಒಂದು ಸಹಿ ಇರಲಿಲ್ಲ. ಮಿಕ್ಕದ್ದೆಲ್ಲ ಇತ್ತು. ಅರ್ಜಿ ತುಂಬಿದ್ದಳು, ಫೋಟೊ ಅಂಟಿಸಿದ್ದಳು, ಪೊಲೀಸರ ಮುದ್ರೆ ಬಿದ್ದಿತ್ತು, ಅಗ್ನಿಶಾಮಕದವರು ಬಂದು ಎಣ್ಣೆ ಡಬ್ಬಗಳನ್ನು ಎಣಿಸಿ ಹೋಗಿದ್ದರು. ಬಂದೂಕು ರಿಪೇರಿಯ ಪರ್ಮಿಟ್ಟನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಅದಕ್ಕೆ ಬೇಟೆಗಾರರ ಸಂಘದ ಅಧ್ಯಕ್ಷರ ಶಿಫಾರಸು ಬೇಕು. ಶಿಫಾರಸಿನ ಹಾಳೆಯ ಕೆಳಗೆ ಒಂದು ಗೆರೆ, ಗೆರೆಯ ಮೇಲೆ ಖಾಲಿ ಜಾಗ. ತಿಂಗಳು ಮುಗಿಯಲು ಹನ್ನೆರಡು ದಿನ ಉಳಿದಿತ್ತು. ಆ ಜಾಗ ತುಂಬದಿದ್ದರೆ ಒಂದನೇ ತಾರೀಖು ಅಂಗಡಿಗೆ ಬೀಗ ಎಂದು ಕಚೇರಿಯ ಗುಮಾಸ್ತ ಹೇಳಿದ್ದ. ನಾಳೆ ಮೋಡ ಕವಿಯಬಹುದು ಎನ್ನುವವನ ದನಿಯಲ್ಲಿ ಹೇಳಿದ್ದ.

ಮಿಸ್ತ್ರಿ ಎಂದರೆ ಮೊದಲು ಅವಳ ಅಪ್ಪ. ಅವನು ಸತ್ತ ಮೇಲೆ ಅಂಗಡಿ, ಕಬ್ಬಿಣ ಕಚ್ಚಿ ಹಿಡಿಯುವ ವೈಸು, ಅರಗಳ ಪೆಟ್ಟಿಗೆ, ಜೊತೆಗೆ ಆ ಹೆಸರೂ ಅವಳಿಗೆ ಬಂತು. ಮೊದಮೊದಲು ಬಂದೂಕು ತಂದವರು ಅವಳನ್ನು ನೋಡಿ "ಮಿಸ್ತ್ರಿ ಇಲ್ವಾ?" ಅನ್ನುತ್ತಿದ್ದರು. ನಾನೇ ಎಂದರೆ ಅವಳ ಬೆನ್ನ ಹಿಂದಿನ ಗೋಡೆ ನೋಡುತ್ತಿದ್ದರು, ಗೋಡೆಯೊಳಗಿಂದ ಗಂಡಸೊಬ್ಬ ಎದ್ದು ಬಂದಾನು ಎಂಬಂತೆ. ಒಂಬತ್ತು ವರ್ಷದಲ್ಲಿ ಗೋಡೆಯಿಂದ ಯಾರೂ ಬರಲಿಲ್ಲ. ಅವರೇ ಅಭ್ಯಾಸ ಮಾಡಿಕೊಂಡರು.

ಅಪ್ಪನ ಬಗ್ಗೆ ಅವಳಿಗೆ ಕಣ್ಣೀರೇನೂ ಇರಲಿಲ್ಲ. ಕುಡಿಯುತ್ತಿದ್ದ, ಕುಡಿದು ಬಂದು ಪಾತ್ರೆ ಒದೆಯುತ್ತಿದ್ದ, ಎರಡು ಬಾರಿ ಅಮ್ಮನನ್ನೂ ಒದ್ದಿದ್ದ. ಆದರೆ ಅರ ಹಿಡಿದರೆ ಅವನ ಕೈ ಅಲುಗುತ್ತಿರಲಿಲ್ಲ. ಅವನು ಉಜ್ಜಿದ ಕಬ್ಬಿಣದ ಮೇಲೆ ಗಾಜಿನ ಪಟ್ಟಿ ಇಟ್ಟರೆ ಅಡಿಯಲ್ಲಿ ಬೆಳಕು ನುಸುಳುತ್ತಿರಲಿಲ್ಲ. ಮನುಷ್ಯನನ್ನು ಅವನ ಕೆಲಸದಿಂದ ಬೇರೆ ಮಾಡಿ ನೋಡುವುದು ಅವಳಿಗೆ ಬೇಗನೆ ರೂಢಿಯಾಗಿತ್ತು. ಆ ಮನೆಯಲ್ಲಿ ಬೇರೆ ದಾರಿಯೂ ಇರಲಿಲ್ಲ.

ಸಹಿ ಕೇಳಲು ಹೋಗುವ ಮೊದಲೇ ಅಧ್ಯಕ್ಷರ ಬಂದೂಕು ಅವಳ ಬಳಿಗೆ ಬಂತು. ತಂದವನು ಅಧ್ಯಕ್ಷರ ಭಾಮೈದ. ನಲವತ್ತು ದಾಟಿದರೂ ಅಕ್ಕನ ಮನೆಯಲ್ಲೇ ಉಂಡು, ಭಾವನ ಚೀಲ ಹೊತ್ತುಕೊಂಡು, ಭಾವ ನಕ್ಕರೆ ತಾನೂ ನಗುವ ಉದ್ಯೋಗದಲ್ಲಿದ್ದ. ಬಂದೂಕನ್ನು ಎರಡು ಕಂಬಳಿ ಸುತ್ತಿ, ಹಸುಗೂಸಿನ ಹಾಗೆ ಎದೆಗವಚಿಕೊಂಡು ತಂದು ಬೆಂಚಿನ ಮೇಲೆ ಮಲಗಿಸಿದ.

"ಮಿಸ್ತ್ರಿಯಕ್ಕ, ಜೋಪಾನ. ಇದು ಭಾವನ ತಾತನದ್ದು."

ಆಗಿದ್ದೇನೆಂದು ಅವನೇ ಹೇಳಿದ. ಹಿಂದಿನ ಭಾನುವಾರ ಸಂಘದ ಗುರಿ ಸ್ಪರ್ಧೆ. ಐದು ಗುಂಡು, ಐದು ಗುರಿ. ಅಧ್ಯಕ್ಷರು ಮೊದಲ ಗುಂಡು ಹೊಡೆದರು, ನಳಿಗೆಯ ಹಿಂದಿನ ಬೋಲ್ಟ್ ಎಳೆದರು, ಸಿಡಿದ ತೋಟಾದ ಖಾಲಿ ಕೇಸು ಹೊರಗೆ ಬೀಳಲಿಲ್ಲ. ಬೋಲ್ಟಿನ ಮೂತಿಗೆ ಕಚ್ಚಿಕೊಂಡು ಕೂತಿತ್ತು. ಬೆರಳು ಹಾಕಿ ಕಿತ್ತರು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಬರುವಷ್ಟರಲ್ಲಿ ಉಳಿದವರೆಲ್ಲ ಐದೂ ಮುಗಿಸಿ, ಬಂದೂಕು ಕೆಳಗಿಟ್ಟು, ಸಾಲಾಗಿ ನಿಂತು ನೋಡುತ್ತಿದ್ದರು. ಅಧ್ಯಕ್ಷರು ಬಂದೂಕಿನ ಹಲ್ಲು ಕೀಳುತ್ತಿದ್ದಾರೆ ಎಂದು ಸಂಘದ ಖಜಾಂಚಿ ಎಲ್ಲರಿಗೂ ಕೇಳುವಂತೆ ಹೇಳಿದ. ಅಧ್ಯಕ್ಷಗಿರಿಯ ಮೇಲೆ ಅವನಿಗೆ ಮೊದಲಿಂದಲೂ ಕಣ್ಣು. ಆವತ್ತು ಭಾವ ಊಟ ಮಾಡಲಿಲ್ಲ ಎಂದ ಭಾಮೈದ. ತಾನು ಮಾಡಿದನೋ ಇಲ್ಲವೋ ಎನ್ನುವುದನ್ನು ಹೇಳಲಿಲ್ಲ.

ಇವಳಿಗಿಂತ ಮೊದಲೇ ಇಬ್ಬರು ಕೈ ಆಡಿಸಿದ್ದರು. ಒಬ್ಬ ಸ್ಪ್ರಿಂಗ್ ಬದಲಾಯಿಸಿದ್ದ. ಇನ್ನೊಬ್ಬ ತೋಟಾ ಕೂರುವ ಕೋಣೆಯನ್ನು ಕನ್ನಡಿಯ ಹಾಗೆ ಉಜ್ಜಿದ್ದ. ಎರಡೂ ಬೇಕಿರಲಿಲ್ಲ. ಮೂರನೆಯ ವೈದ್ಯ ಭಾಮೈದನೇ. ಅಕ್ಕನ ಹೊಲಿಗೆ ಯಂತ್ರದ ಎಣ್ಣೆಯನ್ನು ಬಾಟಲಿ ಬಾಯಿಂದ ನೇರವಾಗಿ ಸುರಿದಿದ್ದ. ಬೋಲ್ಟ್ ಹೊರಗೆಳೆದ ಕೂಡಲೇ ಅದು ಬೆಂಚಿನ ಮೇಲೆ ಕೆರೆ ಕಟ್ಟಿತು.

ಎಲ್ಲ ಒರೆಸಿ, ಅವಳು ಪರೀಕ್ಷೆಯ ಸುಳ್ಳು ತೋಟಾ ಒಂದನ್ನು ಹಾಕಿ ಎಳೆದು ನೋಡಿದಳು. ಬೋಲ್ಟ್ ಎಳೆಯುವ ಬಂದೂಕಿನಲ್ಲಿ ಖಾಲಿ ಕೇಸನ್ನು ಹೊರಗೆ ಹಾಕಲು ಇಬ್ಬರು ಆಳುಗಳಿರುತ್ತಾರೆ. ಬೋಲ್ಟಿನ ಮೂತಿಯಲ್ಲಿ ಒಂದು ಕೊಕ್ಕೆ. ಅದು ಕೇಸಿನ ಬುಡದ ಅಂಚನ್ನು ಕತ್ತು ಹಿಡಿದಂತೆ ಹಿಡಿದು ಕೋಣೆಯಿಂದ ಎಳೆದು ತರುತ್ತದೆ. ಬೋಲ್ಟ್ ಓಡಾಡುವ ಜಾಗದ ಎಡಗೋಡೆಯಲ್ಲಿ ಒಂದು ಚಿಕ್ಕ ಉಕ್ಕಿನ ಪಟ್ಟಿ, ಅದೇ ಎಜೆಕ್ಟರ್. ಬೋಲ್ಟ್ ಪೂರ್ತಿ ಹಿಂದೆ ಬಂದಾಗ ಅದು ಕೇಸಿನ ಬುಡಕ್ಕೆ ಬಡಿದು ಬೀದಿಗೆ ಒದೆಯುತ್ತದೆ. ಈ ಬಂದೂಕಿನಲ್ಲಿ ಕತ್ತು ಹಿಡಿಯುವವನು ಗಟ್ಟಿಮುಟ್ಟಾಗಿದ್ದ. ಒದೆಯುವವನಿಗೆ ಕಾಲಿರಲಿಲ್ಲ.

ಪಟ್ಟಿಯನ್ನು ಬಿಚ್ಚಿ ಭೂತಗನ್ನಡಿಯ ಕೆಳಗೆ ಹಿಡಿದಳು. ಎರಡು ಮಿಲಿಮೀಟರ್ ಮೋಟು. ಸವೆದದ್ದಾದರೆ ಅಂಚು ದುಂಡಗಾಗಿ ಹೊಳೆಯಬೇಕು. ಇದು ಹೊಳೆಯುತ್ತಿರಲಿಲ್ಲ. ಅಂಚಿನ ಮೇಲೆ ಓರೆಯಾಗಿ ಅರದ ಗೀರುಗಳಿದ್ದವು, ಗೀರುಗಳೊಳಗೆ ಹಳೆಯ ಕಪ್ಪು ಕೂತಿತ್ತು. ಯಾರೋ ಕೂತು, ಬೇಕೆಂದೇ ಉಜ್ಜಿ ಗಿಡ್ಡ ಮಾಡಿದ್ದರು. ಪಳಗಿದ ಕೈಯ ಕೆಲಸವಲ್ಲ, ಆದರೆ ಅವಸರದ್ದೂ ಅಲ್ಲ.

ತೋಟಾಗಳನ್ನು ತುಂಬುವ ಮ್ಯಾಗಜೀನಿನ ಒಳಗೆ ಕೊಳೆಯೆಂದುಕೊಂಡು ಕೆರೆದರೆ ಕೊಳೆ ಬರಲಿಲ್ಲ, ಉಣ್ಣೆ ಬಂತು. ಕಪ್ಪು ಉಣ್ಣೆಯ ಬಟ್ಟೆಯನ್ನು ಅಳತೆಗೆ ಕತ್ತರಿಸಿ ಒಳಗೋಡೆಗೆಲ್ಲ ಅಂಟಿಸಿದ್ದರು. ಬೋಲ್ಟಿನ ಹಿಡಿ ಬಂದು ಕೂರುವ ಜಾಗದಲ್ಲೂ ಒಂದು ತುಂಡು. ಬಂದೂಕಿಗೆ ಕಾಲುಚೀಲ ತೊಡಿಸುವವರನ್ನು ಅವಳು ಅದುವರೆಗೆ ಕಂಡಿರಲಿಲ್ಲ.

ಮಾರನೆಯ ದಿನ ಅಧ್ಯಕ್ಷರೇ ಬಂದರು. ಅಂಗಡಿಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತರು. ಭಾಮೈದ ನಿಂತ. ಅಂಗಡಿಗೂ ಮನೆಗೂ ನಡುವೆ ಒಂದು ಪರದೆ, ಪರದೆಯ ಆಚೆಯಿಂದ ಅಮ್ಮ ಮೂರು ಲೋಟ ಟೀ ಕೊಟ್ಟು ಮತ್ತೆ ಆಚೆಯೇ ನಿಂತಳು. ಅವಳಿಗೆ ಕಿವಿ ಚುರುಕು.

ಅಧ್ಯಕ್ಷರು ಬಂದೂಕಿನ ರೋಗ ಕೇಳಲಿಲ್ಲ, ಅದರ ವಂಶಾವಳಿ ಹೇಳಿದರು. ತಾತನ ಪಟ ಸಂಘದ ಸಭಾಂಗಣದಲ್ಲಿ ತೂಗುಹಾಕಿದ್ದು, ಪ್ರಾಮಾಣಿಕ ಬೇಟೆಗಾರನೆಂದು ವರ್ಷವರ್ಷ ಅದಕ್ಕೆ ಹಾರ ಹಾಕುವುದು, ಆ ಹಾರವನ್ನು ತಾವೇ ಹಾಕುವುದು, ಎಲ್ಲ ಬಂತು. ತಾತ ಕಾಡಿಗೆ ಒಬ್ಬರೇ ಹೋಗುತ್ತಿದ್ದರಂತೆ, ಗಲಾಟೆ ಆಗುತ್ತಿರಲಿಲ್ಲವಂತೆ. ಬೋಲ್ಟ್ ಎಳೆದರೆ ಮಗ್ಗುಲಲ್ಲಿ ಮಲಗಿದ ಮಗು ಏಳಬಾರದು ಎಂದು ಮಗನಿಗೆ ಕಲಿಸಿದರಂತೆ, ಮಗ ಮೊಮ್ಮಗನಿಗೆ ಕಲಿಸಿದನಂತೆ. ಅವರ ಮನೆತನದಲ್ಲಿ ಬೋಲ್ಟನ್ನು ಯಾರೂ ಜೋರಾಗಿ ಎಳೆದವರಿಲ್ಲ.

"ಒಂದೇ ಒಂದು ಖಾಲಿ ಕೇಸನ್ನ ಕಾಡಲ್ಲಿ ಬಿಟ್ಟು ಬಂದವರಲ್ಲಮ್ಮ. ಕೈಯಲ್ಲೇ ತೆಗೆದು ಜೇಬಿಗೆ ಹಾಕ್ಕೊಳ್ಳೋರು. ಕಾಡಲ್ಲಿ ಕಸ ಹಾಕಬಾರದು ಅಂತ. ಈಗಿನವರಿಗೆಲ್ಲಿ ಬರ್ಬೇಕು ಆ ಶಿಸ್ತು?" ಎಂದರು ಅಧ್ಯಕ್ಷರು.

ಯಾವ ಕಾಡು ಎಂದು ಅವಳು ಕೇಳಿದಳು.

"ಬೆಟ್ಟದ ಆಚೆದು. ಆಗ ಅಲ್ಲಿ ಸರ್ಕಾರ ಬೇಲಿ ಹಾಕಿತ್ತು, ಒಬ್ಬರನ್ನೂ ಒಳಗೆ ಬಿಡ್ತಿರ್ಲಿಲ್ಲ. ಆದ್ರೆ ನಮ್ಮ ತಾತನ್ನ ಒಬ್ಬ ಗಾರ್ಡೂ ತಡೆದವನಲ್ಲ. ಅಂಥಾ ಗೌರವ."

ಪರದೆಯ ಹಿಂದೆ ಅಮ್ಮನಿಗೆ ಕೆಮ್ಮು ಬಂತು. ಭಾಮೈದ ಗೌರವಕ್ಕೆಂದು ತಲೆಯಾಡಿಸಿದ. ಮಿಸ್ತ್ರಿ ಟೀ ಲೋಟದ ತಳ ನೋಡಿದಳು. ಮೋಟು ಮಾಡಿದ ಪಟ್ಟಿ, ಸದ್ದು ನುಂಗುವ ಉಣ್ಣೆ, ನೆಲಕ್ಕೆ ಬೀಳದ ಕೇಸು. ಕದ್ದು ಬೇಟೆಯಾಡುವವನಿಗೆ ಇದಕ್ಕಿಂತ ಒಪ್ಪವಾದ ಬಂದೂಕು ಇರಲಾರದು. ಕೇಸು ಸಿಕ್ಕಿದರೆ ಗುರುತು ಸಿಕ್ಕಿತು, ಒಂದು ಗುಂಡಿನ ಸದ್ದಿನಿಂದ ದಿಕ್ಕು ತಿಳಿಯದ ಗಾರ್ಡು ಆಮೇಲಿನ ಬೋಲ್ಟಿನ ಖಟಖಟ ಕೇಳಿ ಬಂದ. ಮೂರು ತಲೆಮಾರು ಕಳ್ಳನ ಕೈಚಳಕವನ್ನು ಸಂಸ್ಕಾರವೆಂದು ಪಾಠ ಮಾಡಿಕೊಂಡು ಬಂದಿತ್ತು. ಅದನ್ನೇ ಆ ಮನುಷ್ಯ ನೂರು ಜನರೆದುರು ಸ್ಪರ್ಧೆಯಲ್ಲಿ ಮಾಡಿ ತೋರಿಸಿ, ಬಂದೂಕು ಕೆಟ್ಟಿದೆ ಎಂದು ಊರೆಲ್ಲ ಅಲೆಯುತ್ತಿದ್ದ.

ಅವರು ಹೋದ ಮೇಲೆ ಅಮ್ಮ ಲೋಟ ಎತ್ತಲು ಬಂದಳು.

"ಗಾರ್ಡು ತಡೀಲಿಲ್ವಂತೆ. ತಡೀಬೇಕಾದ್ರೆ ಕಣ್ಣಿಗೆ ಬೀಳ್ಬೇಕಲ್ಲ ಮುದುಕ."

ಸಹಿ ಸಿಗುವ ತನಕ ನೀನು ಬಾಯಿ ಮುಚ್ಚಿಕೊಂಡಿರು ಎಂದೂ ಸೇರಿಸಿದಳು. ಮಿಸ್ತ್ರಿ ಹೂಂ ಎಂದಳು. ಆಗ ಅವಳಿಗೂ ಬೇಕಿದ್ದದ್ದು ಅಷ್ಟೇ. ತಾತ ಕಳ್ಳನಾದರೇನು, ಸನ್ಯಾಸಿಯಾದರೇನು, ಪಟ್ಟಿ ಎರಡು ಮಿಲಿಮೀಟರ್ ಉದ್ದವಾದರೆ ಕೇಸು ಬೀಳುತ್ತದೆ.

ಹೊಸ ಪಟ್ಟಿಗೆ ಮೂರು ದಿನ ಹಿಡಿಯಿತು. ಒಳ್ಳೆಯ ಉಕ್ಕಿನ ತುಂಡೊಂದನ್ನು ಕತ್ತರಿಸಿ, ಹಳೆಯದನ್ನು ಪಕ್ಕಕ್ಕಿಟ್ಟುಕೊಂಡು ಉಜ್ಜಿದಳು. ಉಜ್ಜುವುದು, ಕೂರಿಸುವುದು, ಬೋಲ್ಟ್ ಹಾಕಿ ಎಳೆಯುವುದು, ಎಲ್ಲಿ ತಾಗುತ್ತದೆಂದು ಮಸಿ ಹಚ್ಚಿ ನೋಡುವುದು, ಮತ್ತೆ ಬಿಚ್ಚುವುದು. ಉದ್ದ ಜಾಸ್ತಿಯಾದರೆ ಬೋಲ್ಟಿನ ಸೀಳಿಗೆ ಸಿಕ್ಕಿ ಮುರಿಯುತ್ತದೆ, ಕಡಿಮೆಯಾದರೆ ಒದೆಯುವುದಿಲ್ಲ. ಅಳತೆ ಕೂಡಿದ ಮೇಲೆ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದಳು, ಅಂಚಿಗೆ ಒಣಹುಲ್ಲಿನ ಬಣ್ಣ ಬರುವವರೆಗೆ ಮತ್ತೆ ಬಿಸಿ ಮಾಡಿದಳು. ಉಣ್ಣೆಯನ್ನೆಲ್ಲ ಕಿತ್ತು ಒಂದು ಲಕೋಟೆಯಲ್ಲಿ ಹಾಕಿಟ್ಟಳು. ಸುಳ್ಳು ತೋಟಾ ಹಾಕಿ ಎಳೆದಾಗ ಅದು ಅಂಗಡಿ ದಾಟಿ ಬಾಗಿಲ ಹೊಸ್ತಿಲಿಗೆ ಬಡಿದು ಬಿತ್ತು. ನೂರು ಸಲ ಎಳೆದಳು, ನೂರು ಸಲವೂ ಬಿತ್ತು.

ಅಧ್ಯಕ್ಷರು ಬಂದು ತಾವೇ ಎಳೆದು ನೋಡಿದರು. ಎಳೆದರು ಎನ್ನುವುದಕ್ಕಿಂತ ಸವರಿದರು. ಬೋಲ್ಟ್ ಬೆಕ್ಕಿನ ಹೆಜ್ಜೆಯಲ್ಲಿ ಹಿಂದಕ್ಕೆ ಬಂತು. ಪಟ್ಟಿ ಕೇಸಿನ ಬುಡವನ್ನು ಮೆಲ್ಲಗೆ ಮುಟ್ಟಿತು, ಕೇಸು ಪಕ್ಕಕ್ಕೆ ವಾಲಿ ಅಲ್ಲೇ ಮಲಗಿತು.

ಇನ್ನೂ ಸರಿಹೋಗಿಲ್ಲವಲ್ಲ ಎಂದರು. ಸರಿಹೋಗಿಲ್ಲ ಎಂದ ಭಾಮೈದ.

"ಸರ್, ಇದು ತಾನಾಗಿ ಒದೆಯೋ ಜಾತಿದಲ್ಲ. ನೀವು ಎಷ್ಟು ಜೋರಾಗಿ ಎಳೀತೀರೋ ಅಷ್ಟು ಜೋರಾಗಿ ಒದೆಯತ್ತೆ. ಒಂದೇ ಏಟಿಗೆ ಎಳೀರಿ," ಎಂದಳು ಮಿಸ್ತ್ರಿ.

"ಬೋಲ್ಟ್ ಎಳೆಯೋದನ್ನ ನಾನು ನಿನ್ನ ಹತ್ರ ಕಲೀಬೇಕೇನಮ್ಮ?"

ಅವಳು ಬಂದೂಕು ಕೈಗೆ ತೆಗೆದುಕೊಂಡು ಎಳೆದಳು. ತೋಟಾ ಹಾರಿ ಭಾಮೈದನ ಟೀ ಲೋಟಕ್ಕೆ ಬಿತ್ತು. ಅಂಗಿಯ ಮೇಲೆಲ್ಲ ಟೀ. ಪರದೆಯ ಹಿಂದೆ ಮತ್ತೆ ಕೆಮ್ಮು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವನ್ನು ಸಮ ಮಾಡಿ ಕೊಟ್ಟರೂ ಕುಣಿತ ಕಲಿಯಲು ಒಪ್ಪದ ಗಿರಾಕಿ.

ಅಧ್ಯಕ್ಷರು ಭಾಮೈದನಿಂದ ತೋಟಾ ಎತ್ತಿಸಿ, ಕೆಲಸ ಪರವಾಗಿಲ್ಲ ಎಂದರು. ಆಮೇಲೆ ಬಂದ ವಿಷಯಕ್ಕೆ ಬಂದರು. ಇಪ್ಪತ್ತೆಂಟಕ್ಕೆ ಸಂಘದ ಸಭೆ. ಖಜಾಂಚಿ ಈ ಬಂದೂಕಿನ ಮಾತು ಎತ್ತಿಯೇ ಎತ್ತುತ್ತಾನೆ. ಅವನ ಬಾಯಿ ಮುಚ್ಚಿಸಲು ಅಂಗಡಿಯ ಹಾಳೆಯಲ್ಲಿ ಒಂದು ಪತ್ರ ಬೇಕು. ಸಭೆ ಮುಗಿದ ಕೂಡಲೇ ಶಿಫಾರಸಿಗೆ ಸಹಿ.

ಅವಳು ಅಲ್ಲೇ ಬರೆದು ಕೊಟ್ಟಳು: ಎಜೆಕ್ಟರ್ ಮೋಟಾಗಿತ್ತು, ಹೊಸದು ಹಾಕಲಾಗಿದೆ, ಬಂದೂಕು ಈಗ ಸರಿಯಿದೆ. ಯಾರ ಮನೆಗೂ ಕಲ್ಲು ಬೀಳದ ಪತ್ರ. ಅಧ್ಯಕ್ಷರು ಅದನ್ನು ಭಾಮೈದನಿಂದ ಓದಿಸಿ ಕೇಳಿದರು. ಅವರು ಏನನ್ನೂ ತಾವಾಗಿ ಓದುವುದಿಲ್ಲ, ಓದಿಸುತ್ತಾರೆ. ಅದೂ ಒಂದು ದೊಡ್ಡಸ್ತಿಕೆ. ಕೇಳಿ, ತಲೆ ಅಡ್ಡಕ್ಕೆ ಆಡಿಸಿದರು. ಮೋಟಾಗಿತ್ತು ಎಂದರೆ ನಮ್ಮ ಮನೆಯವರೇ ಕೆಡಿಸಿದರು ಎಂದಾಗುತ್ತದೆ. ಮೂವತ್ತು ವರ್ಷದ ಹಿಂದೆ ನಿಮ್ಮಪ್ಪ ಈ ಬಂದೂಕು ಬಿಚ್ಚಿದ್ದ. ಅವನ ಕೈತಪ್ಪಿನಿಂದ ಹಾಳಾಯಿತು ಎಂದು ಬರೆ ಎಂದರು.

ಆ ಅಂಗಡಿಯಲ್ಲಿ ಅಪ್ಪ ಹಾಕಿದ ಒಂದು ಕಟ್ಟಳೆಯಿತ್ತು. ಬಂದೂಕಿನಲ್ಲಿ ತೊಂದರೆ ಕಂಡು, ರಿಪೇರಿ ಬೇಡವೆಂದು ಗಿರಾಕಿ ಹೇಳಿದರೆ, ಆ ಬೇಡವೆಂಬುದನ್ನು ಪುಸ್ತಕದಲ್ಲಿ ಬರೆದು ಗಿರಾಕಿಯಿಂದಲೇ ಸಹಿ ಹಾಕಿಸಿಕೊಳ್ಳುವುದು. ಕುಡುಕನಾದರೂ ನಾಳೆಯ ಜಗಳಗಳನ್ನು ಇವತ್ತೇ ಕಾಣುತ್ತಿದ್ದ. ಅವಳು ಕಪಾಟಿನಿಂದ ಹಳೆಯ ಪುಸ್ತಕ ತೆಗೆದು, ಅರ್ಧ ಗಂಟೆ ತಿರುವಿ, ಪುಟ ತೋರಿಸಿದಳು. ಅಪ್ಪನ ಸೊಟ್ಟ ಅಕ್ಷರ: "ಎಜೆಕ್ಟರನ್ನು ಮೊದಲೇ ಯಾರೋ ಅರ ಹಾಕಿ ಮೋಟು ಮಾಡಿದ್ದಾರೆ. ಹೊಸದು ಹಾಕಲೇ ಎಂದೆ. ಹಾಗೇ ಇರಲಿ, ನಮಗೆ ಹಾಗೇ ಬೇಕು ಎಂದರು." ಕೆಳಗೆ ಅಧ್ಯಕ್ಷರ ತಂದೆಯ ಸಹಿ, ಬಾಲ ಎಳೆದ ದೊಡ್ಡ ಸಹಿ.

ಅಧ್ಯಕ್ಷರು ಆ ಪುಟವನ್ನು ಮಾತ್ರ ತಾವೇ ಓದಿದರು.

"ಹಳೇ ಪುಸ್ತಕ. ಇಲಿ ತಿಂದ್ಬಿಡ್ತು ಅಂದ್ಕೊ," ಎಂದರು. "ಸತ್ತವರಿಗೆ ಮಾನ ಹೋಗಲ್ಲಮ್ಮ. ನಿನಗೆ ಪರ್ಮಿಟ್ ಬೇಕೋ ಬೇಡ್ವೋ ನೋಡ್ಕೊ. ಇಪ್ಪತ್ತೇಳಕ್ಕೆ ಇವನನ್ನ ಕಳಿಸ್ತೀನಿ, ಪತ್ರ ಕೊಡು." ಬಂದೂಕನ್ನು ಕಂಬಳಿಯಲ್ಲಿ ಸುತ್ತಿಸಿಕೊಂಡು ಹೊರಟರು.

ಆಶ್ಚರ್ಯವೆಂದರೆ ಅಮ್ಮನದೂ ಅದೇ ಮಾತು.

"ಬರ್ದುಕೊಡೇ. ಬದುಕಿದ್ದಾಗ ಅವನಿಗೆ ನನ್ನ ಕೈಲಿ ಬೈಗುಳ ತಪ್ಪಲಿಲ್ಲ, ಸತ್ತ ಮೇಲೆ ಇನ್ನೊಂದು. ಅದರಿಂದ ನಮ್ಮ ಹೊಟ್ಟೆ ತುಂಬತ್ತೆ ಅಂದ್ರೆ, ಆ ಮನುಷ್ಯ ಮನೆಗೆ ಮಾಡಿದ ಮೊದಲನೇ ಉಪಕಾರ ಆಗತ್ತೆ."

"ಅದು ಅಪ್ಪನ ಕೆಲಸ ಅಲ್ಲಮ್ಮ. ಗೀರು ನೋಡು, ಓರೆ ಇದೆ. ಹೀಗೆ ಉಜ್ಜೋನು ನಮ್ಮ ಅಂಗಡಿಲಿ ಒಂದು ದಿನ ನಿಲ್ತಿರ್ಲಿಲ್ಲ."

"ಗೀರು ಯಾರು ನೋಡ್ತಾರೆ?"

"ನಾನು ನೋಡಿದೀನಿ."

"ನಿಂಗಿರೋದು ಸತ್ಯ ಅಲ್ಲ ಕಣೇ, ಜಂಭ. ಅವನದೇ ಜಂಭ. ಅವನು ಪಾತ್ರೆ ಒದೀತಿದ್ದ, ನೀನು ಅನ್ನ ಒದೀತಾ ಇದೀಯ."

ಮಿಸ್ತ್ರಿಗೆ ಅದು ನಿಜವೇ ಇರಬಹುದು ಎನಿಸಿತು. ಆದರೂ ಆ ಓರೆ ಗೀರನ್ನು ಒಳ್ಳೆಯ ಕೈಯೊಂದರ ಮೇಲೆ ಹೇರುವುದೆಂದರೆ, ಅವಳಿಗೆ ತಾನೇ ಬೆಂಚಿನ ಮೇಲೆ ಉಗಿದಂತೆ. ಇಪ್ಪತ್ತಾರರ ಮಧ್ಯಾಹ್ನ ಹಾಳೆ ತೆಗೆದು ಬರೆದಳು. ಎಜೆಕ್ಟರ್ ಸವೆದದ್ದಲ್ಲ, ಉದ್ದೇಶಪೂರ್ವಕವಾಗಿ ಅರ ಹಾಕಿದ್ದು. ಮ್ಯಾಗಜೀನಿಗೂ ಬೋಲ್ಟಿನ ಹಿಡಿಗೂ ಸದ್ದಾಗದಂತೆ ಉಣ್ಣೆ ಅಂಟಿಸಲಾಗಿತ್ತು, ತುಣುಕುಗಳನ್ನು ಲಗತ್ತಿಸಿದೆ. ಕೇಸು ನೆಲಕ್ಕೆ ಬಿದ್ದು ಗುರುತಾಗಬಾರದು, ಬೋಲ್ಟಿನ ಸದ್ದಿಗೆ ಗಾರ್ಡುಗಳು ಬರಬಾರದು ಎನ್ನುವುದನ್ನು ಬಿಟ್ಟು ಇದಕ್ಕೆ ಬೇರೆ ಕಾರಣ ಕಾಣುವುದಿಲ್ಲ. ಬೇಲಿ ಹಾಕಿದ ಕಾಡಿನಲ್ಲಿ ಬೇಟೆಯಾಡುವವರಿಗೆ ಇದು ಅನುಕೂಲ. ಬಂದೂಕಿಗೆ ಈಗ ರೋಗವಿಲ್ಲ. ಯಜಮಾನರು ಬೋಲ್ಟನ್ನು ಜೋರಾಗಿ ಎಳೆಯುವುದನ್ನು ಕಲಿಯಬೇಕು.

ಲಕೋಟೆ ಅಂಟಿಸಿದಳು. ಅಧ್ಯಕ್ಷರು ಓದುವವರಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೇ ಅಂಟಿಸಿದಳು.

ಭಾಮೈದ ಅದನ್ನು ಭಾವನಿಗೆ ಒಪ್ಪಿಸಿದ. ಹೇಳಿದ ಹಾಗೆ ಬರೆದಿದ್ದಾಳೆ ಎಂಬ ಭರವಸೆಯಲ್ಲಿ ಭಾವ ಒಡೆಯದೆ ಸಭೆಗೆ ಒಯ್ದರು. ಎಲ್ಲರೆದುರು ಒಡೆದರೇ ಗಾಂಭೀರ್ಯ. ಖಜಾಂಚಿ ಬಾಯಿ ತೆರೆದ ಕೂಡಲೇ, ನೀವೇ ಓದಿ ಎಂದು ಲಕೋಟೆಯನ್ನು ಅವನ ಕೈಗೇ ಕೊಟ್ಟರು. ಖಜಾಂಚಿ ಓದಿದ. ನಿಧಾನವಾಗಿ, ಒಂದೊಂದು ಪದವನ್ನೂ ಚಪ್ಪರಿಸಿ ಓದಿದ. ಉಣ್ಣೆಯ ತುಣುಕುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದ.

ಆಮೇಲೆ ಆಗಿದ್ದನ್ನು ಮಿಸ್ತ್ರಿ ಊಹಿಸಿರಲಿಲ್ಲ. ಸದಸ್ಯರು ನಗಲಿಲ್ಲ, ಛೀಮಾರಿ ಹಾಕಲಿಲ್ಲ. ಹಿಂದಿನ ಸಾಲಿನ ಮುದುಕನೊಬ್ಬ ಎದ್ದು, ನಮ್ಮ ತಾತನೂ ಹಾಗೇ ಮಾಡುತ್ತಿದ್ದ, ಅವನದು ಚರ್ಮದ ತುಂಡು ಎಂದ. ಇನ್ನೊಬ್ಬ, ನಮ್ಮಜ್ಜ ಚಪ್ಪಲಿ ತಿರುಗಿಸಿ ಹಾಕಿಕೊಂಡು ಹೋಗುತ್ತಿದ್ದ ಎಂದ. ಹತ್ತು ನಿಮಿಷದಲ್ಲಿ ಅರ್ಧ ಸಭೆಗೆ ಕಳ್ಳ ತಾತಂದಿರು ಹುಟ್ಟಿಕೊಂಡರು. ಪಟದಲ್ಲಿದ್ದ ಮುದುಕ ಪ್ರಾಮಾಣಿಕನಾಗಿದ್ದವನು ಚಾಣಾಕ್ಷನಾದ. ಅಧ್ಯಕ್ಷರು ಬೆವರು ಒರೆಸಿಕೊಂಡು, ಹೌದು, ಅವರು ಹಾಗೇ ಇದ್ದರು ಎಂದು ನಕ್ಕರು. ಭಾಮೈದನೂ ನಕ್ಕ.

ಸದಸ್ಯರಿಗೆ ಕೋಪ ಬಂದದ್ದು ಕಳ್ಳನ ಮೇಲಲ್ಲ, ಮಿಸ್ತ್ರಿಯ ಮೇಲೆ. ಇವತ್ತು ಅಧ್ಯಕ್ಷರ ಬಂದೂಕಿನ ಹೊಟ್ಟೆಯೊಳಗಿನದನ್ನು ಬರೆದು ಓದಿಸಿದಳು, ನಾಳೆ ನಮ್ಮದರ ಬಗ್ಗೆ ಏನು ಬರೆಯುತ್ತಾಳೋ ಎಂದು ಶುರು ಮಾಡಿದವನು ಖಜಾಂಚಿಯೇ. ಅವನ ಬಂದೂಕೂ ಆಗ ಅವಳ ಅಂಗಡಿಯಲ್ಲಿತ್ತು. ಎತ್ತು ಏರಿಗೆ, ಕೋಣ ನೀರಿಗೆ ಎಂದು ವರ್ಷಗಟ್ಟಲೆ ಜಗ್ಗಾಡಿದ ಆ ಇಬ್ಬರೂ ಮೊದಲ ಬಾರಿ ಒಂದೇ ಕಡೆ ಎಳೆದರು. ಗಿರಾಕಿಯ ಗುಟ್ಟು ಕಾಯದವಳಿಗೆ ಶಿಫಾರಸು ಇಲ್ಲ ಎಂದು ಒಮ್ಮತದ ಠರಾವಾಯಿತು.

ಇಪ್ಪತ್ತೊಂಬತ್ತರಿಂದ ಬಂದೂಕುಗಳು ಒಂದೊಂದಾಗಿ ಹೊರಟವು. ಬಿಚ್ಚಿದ್ದನ್ನು ಜೋಡಿಸಿ ಕೊಡುತ್ತೇನೆ, ಒಂದು ಗಂಟೆ ಕೂತಿರಿ ಎಂದರೂ ಕೇಳಲಿಲ್ಲ. ಬೋಲ್ಟ್ ಒಂದು ಚೀಲದಲ್ಲಿ, ನಳಿಗೆ ಒಂದು ಚೀಲದಲ್ಲಿ ಹಾಕಿಸಿಕೊಂಡು ಹೋದರು. ಖಜಾಂಚಿ ತನ್ನದನ್ನು ಒಯ್ಯುವಾಗ, ಪತ್ರ ಮಾತ್ರ ಚೆನ್ನಾಗಿ ಬರೆದಿದ್ದೆ ಎಂದ. ಒಂದನೇ ತಾರೀಖು ಗುಮಾಸ್ತ ಬೀಗ ತಂದ, ಅರಗಿನ ಮುದ್ರೆ ಒತ್ತಿದ. ಅಮ್ಮ ಪರದೆ ಬಿಚ್ಚಿ ಮಡಚಿದಳು. ಇನ್ನು ಅದಕ್ಕೆ ಆಚೆ ಇರಲಿಲ್ಲ.

ಎರಡು ವಾರದ ಮೇಲೆ ಭಾಮೈದ ದಾರಿಯಲ್ಲಿ ಸಿಕ್ಕ. ಭಾವ ಬಂದೂಕನ್ನು ಬೇರೆಯವನಿಗೆ ತೋರಿಸಿದರಂತೆ. ಎಜೆಕ್ಟರ್ ಉದ್ದವಾಗಿದೆ ಎಂದು ಅವನು ಹೇಳಿದನಂತೆ, ಎರಡು ಮಿಲಿಮೀಟರ್ ಉಜ್ಜಿ ಕೊಟ್ಟನಂತೆ. ಈಗ ಕೇಸು ಬೀಳುವುದಿಲ್ಲ, ಬೆರಳು ಹಾಕಿ ತೆಗೆಯಬೇಕು.

"ಭಾವಂಗೆ ಈಗ ಸಮಾಧಾನ, ಮಿಸ್ತ್ರಿಯಕ್ಕ. ತಾತನ ಕಾಲದಲ್ಲಿ ಹೇಗಿತ್ತೋ ಹಾಗೇ ಆಯ್ತು."

ಹೋದದ್ದು ಇಷ್ಟು. ಪರ್ಮಿಟ್ ಒಂದು. ರಿಪೇರಿಗೆ ಬಂದಿದ್ದ ಬಂದೂಕು ಹನ್ನೊಂದು, ಅದರಲ್ಲಿ ನಾಲ್ಕು ಬಿಚ್ಚಿದ ಸ್ಥಿತಿಯಲ್ಲೇ. ಖಾಯಂ ಗಿರಾಕಿಗಳು ನಲವತ್ತಮೂರು. ಅಪ್ಪನ ಕಾಲದಿಂದ ಸೇರಿಸಿ ಅಂಗಡಿ ನಡೆದ ವರ್ಷ ಮೂವತ್ತೆಂಟು.